ಗಂಗವ್ವನ ಬುಟ್ಟಿಯ ತೂಕ

ಹೋದ ತಿಂಗಳು ಹಾವೇರಿಯಲ್ಲಿ ಹೊಸ ಸಮೀಕ್ಷಕರಿಗೆ ಎರಡು ದಿನ ಪಾಠ ಹೇಳಿ ರಾಣೆಬೆನ್ನೂರಿನ ತವರಿಗೆ ಹೊರಟಿದ್ದೆ. ಪ್ಯಾಸೆಂಜರ್ ರೈಲು ಬ್ಯಾಡಗಿಯಲ್ಲಿ ನಿಂತಿತು. ಎದುರು ಸೀಟಿನಲ್ಲಿದ್ದ ಬೆಂಗಳೂರು ಕಡೆಯವರೊಬ್ಬರು ಒಂದರ ಹಿಂದೆ ಒಂದು ನಾಲ್ಕು ಸಲ ಸೀನಿ, ಕರವಸ್ತ್ರ ಹುಡುಕುತ್ತ, ಇದೇನು ಘಾಟು ಎಂದು ಕೇಳಿದರು. ಮೆಣಸಿನಕಾಯಿ, ಹಂಗಾಮು ಶುರುವಾಗಿದೆ ಎಂದೆ. ನನಗೆ ಸೀನು ಬರಲಿಲ್ಲ. ನನ್ನ ಮೂಗು ಆ ಘಾಟಿನಲ್ಲಿ ಎರಡು ಹಂಗಾಮು ಪಳಗಿದೆ. ಮೂಗೊಂದೇ ಅಲ್ಲ. ಇವತ್ತು ನಾನು ಅರ್ಥಶಾಸ್ತ್ರದ ಸಂಶೋಧಕಿ ಎಂದು ಯಾರ ಮುಂದೆಯೂ ಅಳುಕಿಲ್ಲದೆ ಹೇಳಿಕೊಳ್ಳುತ್ತೇನಲ್ಲ, ಅದನ್ನು ಕಲಿತದ್ದೂ ಆ ಊರಿನ ಒಂದು ಗೋದಾಮಿನ ಅಂಗಳದಲ್ಲಿ, ಮೂರೇ ತಿಂಗಳಲ್ಲಿ. ಅಲ್ಲಿ ನನಗೆ ಪಾಠ ಹೇಳಿದವಳು ಗಂಗವ್ವ. ಅವಳು ಈಗಿಲ್ಲ. ಹಾಗಾಗಿಯೇ ಇದನ್ನು ಬರೆಯುವ ಧೈರ್ಯ ಮಾಡಿದ್ದೇನೆ. ಹೆಸರು ಮಾತ್ರ ಬೇರೆ ಇಟ್ಟಿದ್ದೇನೆ, ಅದು ನಮ್ಮ ಕಸುಬಿನ ಚಾಳಿ.

ಆ ವರ್ಷ ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ ಊರಿಗೆ ಬಂದಿದ್ದೆ. ನಮ್ಮದು ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ. ಅರ್ಥಶಾಸ್ತ್ರ ಓದಿದವರಿಗೆ ಬ್ಯಾಂಕ್ ಬಿಟ್ಟರೆ ಬೇರೆ ದಾರಿ ಇದೆ ಎಂದು ನಮ್ಮ ಬಳಗದಲ್ಲಿ ಯಾರೂ ನಂಬಿರಲಿಲ್ಲ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಅಂಗಡಿಗೆ ಬಂದ ಗಿರಾಕಿಗಳ ಬಾಯಲ್ಲಿ ಕೂಡ ಒಂದೇ ಪ್ರಶ್ನೆ: ಬ್ಯಾಂಕಿನ ಪರೀಕ್ಷೆ ಯಾವಾಗ? ನಾನು ಸಂಶೋಧನೆ ಮಾಡುತ್ತೇನೆ ಎಂದರೆ, ಅದಕ್ಕೆ ಪಗಾರ ಯಾರು ಕೊಡುತ್ತಾರೆ ಎಂದು ಕೇಳುತ್ತಿದ್ದರು. ನ್ಯಾಯವಾದ ಪ್ರಶ್ನೆಯೇ. ಅಪ್ಪ ಜಗಳವಾಡುವವರಲ್ಲ. ಒಂದು ವರ್ಷ ನೋಡು, ಕಾಯಂ ಆದರೆ ಸರಿ, ಇಲ್ಲದಿದ್ದರೆ ಸುಮ್ಮನೆ ಪರೀಕ್ಷೆಗೆ ಕೂಡು ಎಂದು ಹೇಳಿ ಅಂಗಡಿಗೆ ಹೋದರು. ಧಾರವಾಡದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಹಂಗಾಮಿ ಕೆಲಸ ಸಿಕ್ಕಿತ್ತು. ನನ್ನ ಕೈಯಲ್ಲಿದ್ದದ್ದು ಆ ಒಂದು ವರ್ಷ.

ಆ ಸಂಸ್ಥೆಯಲ್ಲಿ ನನ್ನ ಮೇಲಿನವರಾಗಿದ್ದ ನಮ್ಮ ಸರ್ ಕೈಗೆತ್ತಿಕೊಂಡಿದ್ದ ವಿಷಯ ಕೇಳಲು ಸರಳವಾಗಿತ್ತು. ಕೈಯಿಂದ ಮಾಡುವ ಕೆಲಸದಲ್ಲಿ ಹೆಂಗಸರಿಗೆ ವಯಸ್ಸಾದಂತೆ ದುಡಿಮೆ ಇಳಿಯುತ್ತದೆಯೋ, ಅನುಭವ ಅದನ್ನು ತುಂಬಿಕೊಡುತ್ತದೆಯೋ? ಇದನ್ನು ನೋಡಲು ಬ್ಯಾಡಗಿಗಿಂತ ಒಳ್ಳೆಯ ಜಾಗ ಇರಲಿಲ್ಲ. ಅಲ್ಲಿ ಒಣಮೆಣಸಿನಕಾಯಿಯ ತೊಟ್ಟು ಬಿಡಿಸಲು ನೂರಾರು ಹೆಂಗಸರು ಬರುತ್ತಾರೆ. ತೊಟ್ಟಿಗೆ ಅಲ್ಲಿ ತುಂಬು ಎನ್ನುತ್ತಾರೆ. ಬಿಡಿಸಿದ ಕಾಯಿ ತುಂಬಲು ಒಬ್ಬೊಬ್ಬರಿಗೆ ಒಂದು ಬುಟ್ಟಿ, ಸಂಜೆ ತೂಕ, ತೂಕದ ಮೇಲೆ ಕೂಲಿ. ಯಾರ ಕೈ ಎಷ್ಟು ಓಡುತ್ತದೆ ಎಂಬುದನ್ನು ತೂಕದ ಕಾಟಾವೇ ಹೇಳುತ್ತದೆ, ನೀನು ಬರೆದುಕೊಂಡರೆ ಸಾಕು ಎಂದು ಸರ್ ಹೇಳಿದ್ದರು. ನಾನೂ ಹಾಗೆಯೇ ತಿಳಿದೆ.

ದಿನಾ ಬೆಳಿಗ್ಗೆ ರಾಣೆಬೆನ್ನೂರಿನಿಂದ ಬ್ಯಾಡಗಿ ಬಸ್ಸು. ವಾರಕ್ಕೊಮ್ಮೆ ಹಾವೇರಿ. ಅಲ್ಲಿ ಏಲಕ್ಕಿ ಹಾರ ಕಟ್ಟುವವರ ಮನೆಯ ಮಹಡಿಯಲ್ಲಿ ನಮ್ಮ ಸಂಸ್ಥೆಯದೊಂದು ಕೋಣೆ, ಒಂದು ಕಂಪ್ಯೂಟರು. ಕೆಳಗಿನಿಂದ ಏಲಕ್ಕಿಯ ಪರಿಮಳ ಬರುತ್ತಿತ್ತು, ನನ್ನ ದುಪಟ್ಟಾದಿಂದ ಮೆಣಸಿನಕಾಯಿಯ ಘಾಟು. ಎರಡೂ ಸೇರಿದ ವಾಸನೆಯಲ್ಲಿ ಕುಳಿತು ನಾನು ಅಂಕಿ ತುಂಬುತ್ತಿದ್ದೆ. ತಿಂಗಳಿಗೊಮ್ಮೆ ಸರ್ ಬಂದು ನೋಡುತ್ತಿದ್ದರು.

ಗೋದಾಮಿನ ಮಾಲೀಕರನ್ನು ಊರಿನವರು ಸಾಹುಕಾರರು ಎಂದೇ ಕರೆಯುತ್ತಿದ್ದರು. ಅಪ್ಪನ ಪರಿಚಯದಿಂದ ಒಳಗೆ ಬಿಟ್ಟುಕೊಂಡಿದ್ದರು. ಮೊದಲ ದಿನವೇ ಚಹಾ ತರಿಸಿ, ಅರ್ಥಶಾಸ್ತ್ರ ಎಂದರೆ ಏನು ಓದುತ್ತೀರಿ ಎಂದು ಕೇಳಿದರು. ನಾನು ಉದ್ದಕ್ಕೆ ಹೇಳಿದೆ. ಪೂರ್ತಿ ಕೇಳಿದರು. ಆಮೇಲೆ ತಮ್ಮ ಮಾತು ತೆಗೆದರು.

“ನನ್ನದೊಂದು ಕೆಲಸ ಐತ್ರಿ ಮೇಡಮ್ಮಾರ. ಈ ಮೂಲೀಯೊಳಗ ಹದಿನಾಲ್ಕು ಮಂದಿ ಕೂಡ್ತಾರ. ಮುದುಕಿ ಅದಾಳ, ನಿನ್ನಿ ಮೊನ್ನಿ ಬಂದಾಕಿ ಅದಾಳ. ಸಂಜಿಗೆ ಎಲ್ಲಾರದೂ ಹತ್ರ ಹತ್ರ ಒಂದ ತೂಕ ಬರತೈತಿ. ಅದು ಹೆಂಗ ಅಂತ ನನಗ ತಿಳೀವಲ್ದು. ಯುಗಾದಿ ಆದಮ್ಯಾಲೆ ತುಂಬು ತೆಗಿಯೋ ಮಷೀನ್ ಬರತೈತಿ, ಅರ್ಧ ಮಂದಿ ಸಾಕಾಕ್ಕಾರ. ನೀವು ದಿನಾ ಕುಂತು ನೋಡ್ತೀರಿ. ಯಾರ ಕೈ ಚುರುಕು, ಯಾರದು ಸೋತೈತಿ, ಕಡೀಕ ನನಗೊಂದು ಪಟ್ಟಿ ಕೊಡ್ರಿ.”

ಆಯ್ತ್ರಿ ಎಂದೆ. ಅಷ್ಟು ಹಗುರವಾಗಿ ಎಂದೆ. ಚಹಾ ಕುಡಿದು ಅಂಗಳಕ್ಕೆ ಹೋಗಿ, ಅದೇ ಹದಿನಾಲ್ಕು ಹೆಂಗಸರ ಮುಂದೆ ಪ್ರಶ್ನಾವಳಿಯ ಮೊದಲ ಸಾಲನ್ನು ಓದಿದೆ: ನೀವು ಹೇಳಿದ್ದನ್ನಾಗಲಿ, ನಿಮ್ಮ ಬಗ್ಗೆ ನಾವು ಬರೆದುಕೊಂಡದ್ದನ್ನಾಗಲಿ ನಿಮ್ಮ ಹೆಸರಿನೊಂದಿಗೆ ಯಾರಿಗೂ ತಿಳಿಸುವುದಿಲ್ಲ. ಬಸ್ಸಿನ ಕಂಡಕ್ಟರ್ ಊರುಗಳ ಹೆಸರು ಕೂಗುವ ಹಾಗೆ ಗಡಗಡ ಓದಿದೆ. ಒಂದೇ ತಾಸಿನಲ್ಲಿ ಎರಡು ಕಡೆ ಎರಡು ಮಾತು ಕೊಟ್ಟಿದ್ದೆ, ಒಂದು ಇನ್ನೊಂದನ್ನು ಮುರಿಯುತ್ತದೆ ಎಂಬುದು ಹೊಳೆಯಲೇ ಇಲ್ಲ. ಆಗ ನನಗೆ ಇಪ್ಪತ್ಮೂರು, ಎಲ್ಲ ಗೊತ್ತಿದೆ ಎನ್ನುವ ವಯಸ್ಸು.

ಹದಿನಾಲ್ಕು ಜನರಲ್ಲಿ ಎಲ್ಲರಿಗಿಂತ ಹಿರಿಯಳು ಗಂಗವ್ವ. ಎಪ್ಪತ್ತು ದಾಟಿತ್ತೋ ಏನೋ, ಅವಳಿಗೂ ಗೊತ್ತಿರಲಿಲ್ಲ. ಕಂಬದ ಪಕ್ಕ ಬೆಳಕು ಬೀಳುವ ಜಾಗ ಅವಳದು, ಅಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ. ಬೆರಳ ಗಂಟುಗಳು ಊದಿದ್ದವು. ಕಾಯಿಯನ್ನು ಮುಖದ ಹತ್ತಿರ ತಂದು ನೋಡಿ ತೊಟ್ಟು ಮುರಿಯುತ್ತಿದ್ದಳು. ನನ್ನ ಪ್ರಶ್ನೆಗಳಿಗೆ ಅವಳಷ್ಟು ಖುಷಿಯಿಂದ ಉತ್ತರ ಕೊಟ್ಟವರು ಇನ್ನೊಬ್ಬರಿಲ್ಲ. ಮೊದಲಿನ ಹಾಗೆ ಕೆಲಸ ಆಗುತ್ತದೆಯೇ ಎಂದು ಕೇಳಿದಾಗ ತಲೆ ಎತ್ತಿ, “ನನ್ನ ಕೈ ಇನ್ನೂ ಸೋತಿಲ್ಲವ್ವಾ. ಬೇಕಾದ್ರ ಕಾಟಾ ನೋಡು” ಎಂದಳು. ನೋಡಿದೆ. ಮಗ್ಗುಲಲ್ಲಿ ಕೂರುವ ರೇಣುಕಾಳ ಬುಟ್ಟಿಗೂ ಅವಳ ಬುಟ್ಟಿಗೂ ಹೆಚ್ಚು ಕಡಿಮೆ ಇರಲಿಲ್ಲ. ರೇಣುಕಾ ನನಗಿಂತ ನಾಲ್ಕೈದು ವರ್ಷ ದೊಡ್ಡವಳು, ಗುಂಪಿನಲ್ಲಿ ಎಲ್ಲರೂ ಅವಳ ಮಾತು ಕೇಳುತ್ತಿದ್ದರು, ಅವಳ ಬೆರಳು ಓಡುವುದು ಕಣ್ಣಿಗೆ ಕಾಣುತ್ತಿರಲಿಲ್ಲ. ಅಂಥವಳ ಸಮಕ್ಕೆ ಗಂಗವ್ವ.

ಎರಡು ತಿಂಗಳ ಅಂಕಿ ಕೂಡಿದ ಮೇಲೆ ಹಾವೇರಿಯ ಕೋಣೆಯಲ್ಲಿ ಗೆರೆ ಎಳೆದು ನೋಡಿದೆ. ಒಂದು ಕಡೆ ವಯಸ್ಸು, ಇನ್ನೊಂದು ಕಡೆ ತೂಕ. ಗೆರೆ ಹಸನಾಗಿ, ಎಲ್ಲಿಯೂ ಇಳಿಯದೆ, ಇಪ್ಪತ್ತರಿಂದ ಎಪ್ಪತ್ತರವರೆಗೆ ನೆಟ್ಟಗೆ ಹೋಗಿತ್ತು. ಸರ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ವಯಸ್ಸಾದಂತೆ ದುಡಿಮೆ ಇಳಿಯುತ್ತದೆ ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ, ನಮ್ಮ ಬ್ಯಾಡಗಿಯ ಹೆಂಗಸರು ಅದನ್ನು ಸುಳ್ಳು ಮಾಡಿದ್ದಾರೆ ಎಂದರು. ಬೇಸಿಗೆಯಲ್ಲಿ ಬೆಂಗಳೂರಿನ ವಿಚಾರ ಸಂಕಿರಣದಲ್ಲಿ ನಾನೇ ಪ್ರಬಂಧ ಓದಬೇಕು, ಅದು ಚೆನ್ನಾಗಿ ಆದರೆ ಸಂಸ್ಥೆಯಲ್ಲಿ ಖಾಲಿ ಇರುವ ಜಾಗಕ್ಕೆ ನನ್ನ ಹೆಸರು ಹೇಳುತ್ತೇನೆ ಎಂದರು. ಆ ದಿನ ರಾಣೆಬೆನ್ನೂರಿಗೆ ಬಂದದ್ದು ಬಸ್ಸಿನಲ್ಲೋ ಹಾರಿಕೊಂಡೋ ನೆನಪಿಲ್ಲ. ಅಪ್ಪನಿಗೆ ಹೇಳಿದಾಗ ಅವರು ಗಲ್ಲಾಪೆಟ್ಟಿಗೆಯಿಂದ ತಲೆ ಎತ್ತಿ ನಕ್ಕರು. ಬ್ಯಾಂಕಿನ ಮಾತು ಮನೆಯಲ್ಲಿ ನಿಂತುಹೋಯಿತು.

ಸರ್ ಒಂದು ಸಲಹೆ ಕೊಟ್ಟಿದ್ದರು. ಒಂದು ದಿನವಾದರೂ ನೀನೇ ಕುಳಿತು ಆ ಕೆಲಸ ಮಾಡು, ಪ್ರಬಂಧದಲ್ಲಿ ಒಂದು ಪ್ಯಾರಾ ಬರುತ್ತದೆ. ಮಾರ್ಚ್ ತಿಂಗಳ ಬಿಸಿಲು ಏರಿತ್ತು. ಒಂದು ಬುಟ್ಟಿ ಕೇಳಿ ಪಡೆದು ರೇಣುಕಾಳ ಎದುರಿಗೆ ಕುಳಿತೆ. ಅವರೆಲ್ಲ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡರು, ನನಗೂ ಸವರಿದರು. ಎಣ್ಣೆ ಏನೂ ಕೆಲಸಕ್ಕೆ ಬರಲಿಲ್ಲ. ಮಧ್ಯಾಹ್ನದ ರೊಟ್ಟಿಯ ಹೊತ್ತಿಗೆ ಹತ್ತು ಬೆರಳೂ ಉರಿಯುತ್ತಿದ್ದವು. ಅವರು ಒಂದು ಕೈಯಲ್ಲಿ ಹಿಡಿದು ಅದೇ ಕೈಯ ಹೆಬ್ಬೆರಳಿನಿಂದ ತೊಟ್ಟು ಹಾರಿಸಿದರೆ, ನಾನು ಎರಡೂ ಕೈ ಬಳಸಿ, ಕಾಯಿ ಮುರಿದು, ಬೀಜ ಚೆಲ್ಲಿ ನಗೆಪಾಟಲಾಗಿದ್ದೆ. ಗಂಗವ್ವ ನನ್ನ ಕೈ ಹಿಡಿದು ತೋರಿಸಿಕೊಟ್ಟಳು. ಆದರೂ ಸಂಜೆ ನನ್ನ ಬುಟ್ಟಿಯ ತಳವಷ್ಟೇ ಮುಚ್ಚಿತ್ತು. ತೂಕದ ಗಂಟೆ ಬಾರಿಸುವ ಮೊದಲು ಉರಿ ತಡೆಯಲಾರದೆ ನಲ್ಲಿಯ ಹತ್ತಿರ ಹೋಗಿ ಕೈ ತೊಳೆದುಕೊಂಡು ಬಂದೆ.

ಬಂದು ಬುಟ್ಟಿ ಎತ್ತಿದರೆ ಏಳಲೊಲ್ಲದು. ಕಾಟಾದ ಮೇಲೆ ಇಟ್ಟಾಗ ಕೆಂಪು ಅಂಕಿ ಓಡಿ ಓಡಿ ನಿಂತದ್ದು ಹೆಚ್ಚು ಕಡಿಮೆ ರೇಣುಕಾಳ ತೂಕಕ್ಕೇ. ಗುಮಾಸ್ತ ತಲೆ ಎತ್ತದೆ ಬರೆದುಕೊಂಡ. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ನಾನೂ ನಕ್ಕೆ. ಮೂರು ಹೆಜ್ಜೆ ನಡೆಯುವಷ್ಟರಲ್ಲಿ ನಗು ಇಂಗಿಹೋಯಿತು. ಎರಡು ತಿಂಗಳು ದಿನಾ ಆ ಹೊತ್ತಿನಲ್ಲಿ ನಾನು ಕಾಟಾದ ಪಕ್ಕ ಕುಳಿತು, ಕೆಂಪು ಅಂಕಿಯನ್ನು ತಪ್ಪಿಲ್ಲದೆ ಬರೆದುಕೊಳ್ಳುತ್ತಿದ್ದೆ. ನನ್ನ ಬೆನ್ನು ಅವರ ಕಡೆಗೆ ಇರುತ್ತಿತ್ತು.

ರೇಣುಕಾಳನ್ನು ಗೋದಾಮಿನ ಹಿಂದಕ್ಕೆ ಕರೆದುಕೊಂಡು ಹೋಗಿ ಕೇಳಿದೆ. ಅವಳು ಮುಚ್ಚಿಡಲಿಲ್ಲ. ಯಾರ ಬುಟ್ಟಿ ಹಗುರ ಇದೆಯೋ ಅದಕ್ಕೆ ಕಾಟಾಕ್ಕೆ ಹೋಗುವಾಗ ಒಬ್ಬೊಬ್ಬರು ಒಂದೆರಡು ಬೊಗಸೆ ಹಾಕಿ ಹೋಗುತ್ತಾರೆ. ಬಸುರಿ, ಬಾಣಂತಿ, ಜ್ವರ ಬಂದವಳು, ಹೊಸಬಳು, ಯಾರೇ ಇರಲಿ. ಯಾವಾಗಿನಿಂದ ಎಂದರೆ ಅವಳಿಗೂ ಗೊತ್ತಿಲ್ಲ, ಅವಳು ಬರುವ ಮೊದಲಿನಿಂದ. ಅದು ನಿಮ್ಮ ಕೂಲಿಯಲ್ಲಿ ಕಡಿಮೆಯಾಗುವುದಿಲ್ಲವೇ ಎಂದು ಅರ್ಥಶಾಸ್ತ್ರ ಓದಿದವಳು ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದೆ.

“ಹೋದ ವರ್ಷ ಮಗಳು ಹೊಟ್ಯಾಗಿದ್ದಾಗ ಮೂರು ತಿಂಗಳು ನನ್ನ ಬುಟ್ಟಿ ತುಂಬ್ಸಿದ್ದು ಇವರ ರೀ ಅಕ್ಕಾರ. ಅದು ನಿಮ್ಮ ಹಾಳ್ಯಾಗ ಎಲ್ಲಿ ಬರತೈತಿ?” ಎಂದಳು. ಆಮೇಲೆ ದನಿ ತಗ್ಗಿಸಿದಳು. “ಗಂಗವ್ವಗ ಮಾತ್ರ ಇದು ಗೊತ್ತಿಲ್ರಿ. ಅಕಿ ಈ ಕಡೆ ನೋಡಲಾರದ ಹೊತ್ತಿನಾಗ ಹಾಕ್ತೇವಿ. ತನ್ನ ಕೈ ಇನ್ನೂ ಗಟ್ಟಿ ಐತಿ ಅಂತ ತಿಳಕೊಂಡಾಳ. ಅಕಿಗೂ ಹೇಳಬ್ಯಾಡ್ರಿ, ಸಾಹುಕಾರ್ರಿಗೂ ಹೇಳಬ್ಯಾಡ್ರಿ. ಆ ಮೂಲಿ ಬಿಟ್ರ ಅಕಿಗೆ ಬ್ಯಾರೆ ಜಾಗ ಇಲ್ಲ.”

ಬಸ್ ನಿಲ್ದಾಣದಲ್ಲಿ ಎರಡು ಬಸ್ಸು ಬಿಟ್ಟು ಕುಳಿತೆ. ನನಗೆ ಅಳು ಬಂದದ್ದು ನಿಜ, ಮೆಣಸಿನಕಾಯಿಯ ಕೈ ಕಣ್ಣಿಗೆ ತಾಗಿ ಇನ್ನಷ್ಟು ಅತ್ತೆ. ಆ ನೆಟ್ಟನೆ ಗೆರೆ ನನ್ನ ಕಾಯಂ ಕೆಲಸ. ಅದು ಗಂಗವ್ವನ ಜಾಗವೂ ಹೌದು, ಏಕೆಂದರೆ ಮುದುಕಿಯರ ಕೈ ಸೋಲುವುದಿಲ್ಲ ಎಂದು ನನ್ನ ಪಟ್ಟಿಯೇ ಹೇಳಿದರೆ ಸಾಹುಕಾರರು ಯಾರನ್ನೂ ಬಿಡಿಸಲಾರರು. ಸುಮ್ಮನಿದ್ದರೆ ಇಬ್ಬರಿಗೂ ಲಾಭ. ಇಷ್ಟು ಅನುಕೂಲದ ಸುಳ್ಳು ಮತ್ತೆ ಜೀವನದಲ್ಲಿ ನನಗೆ ಸಿಕ್ಕಿಲ್ಲ. ಆದರೆ ಒಂದು ಯೋಚನೆ ನನ್ನನ್ನು ಬಿಡಲಿಲ್ಲ. ವಯಸ್ಸಾದರೂ ಹೆಂಗಸರ ದುಡಿಮೆ ಇಳಿಯುವುದಿಲ್ಲ ಎಂದು ದೊಡ್ಡ ಸಭೆಯಲ್ಲಿ ಓದಿದರೆ, ನಾಳೆ ಯಾರೋ ಅದನ್ನು ಹಿಡಿದುಕೊಂಡು ಇಂಥ ಮುದುಕಿಯರಿಗೆ ಪಿಂಚಣಿ ಯಾಕೆ ಬೇಕು ಎಂದು ಕೇಳಬಹುದು. ಆಗ ಬೊಗಸೆ ಹಾಕಲು ರೇಣುಕಾ ಎಲ್ಲ ಊರಲ್ಲೂ ಇರುವುದಿಲ್ಲ. ಮೂರನೆಯ ಬಸ್ಸು ಹತ್ತುವಾಗ ನನ್ನ ನಿರ್ಧಾರ ಆಗಿತ್ತು.

ಸರ್‌ಗೆ ಫೋನಿನಲ್ಲಿ ಹೇಳುವ ಮಾತಲ್ಲ ಅದು. ಅವರು ಹಾವೇರಿಗೆ ಬರುವವರೆಗೆ ಕಾದು, ಎದುರಿಗೆ ಕುಳಿತು ಹೇಳಿದೆ. ಅಂಕಿಯಲ್ಲಿ ತಪ್ಪಿಲ್ಲ ಸರ್, ಆದರೆ ಅವು ಒಬ್ಬೊಬ್ಬರ ಅಂಕಿ ಅಲ್ಲ, ಗುಂಪಿನ ಅಂಕಿ ಎಂದೆ. ಯಾರ ಹೆಸರನ್ನೂ ಹೇಳಲಿಲ್ಲ. ಅವರು ಗೆರೆ ಎಳೆದ ಹಾಳೆಯನ್ನು ಮತ್ತೆ ಹತ್ತಿರ ಎಳೆದುಕೊಂಡು ನೋಡಿದರು. ಕೆಳಗೆ ಯಾರೋ ಹಾರಕ್ಕೆ ಜರಿ ಸುತ್ತುವ ಸದ್ದು ಕೇಳುತ್ತಿತ್ತು.

“ಎರಡು ತಿಂಗಳು ಕಣ್ಣ ಮುಂದ ನಡದದ್ದು ನಿನಗ ಕಾಣ್ಲಿಲ್ಲೇನು?” ಎಂದರು.

“ಕಾಟಾ ನೋಡ್ಕೋತ ಕುಂತಿದ್ದೆ ಸರ್” ಎಂದೆ.

ಸಿಟ್ಟಿನಲ್ಲಿ ಎದ್ದು ಹೋದರು. ಪ್ರಬಂಧ ಬೆಂಗಳೂರಿಗೆ ಹೋಗಲಿಲ್ಲ, ಖಾಲಿ ಇದ್ದ ಜಾಗ ಇನ್ನೊಬ್ಬರಿಗೆ ಹೋಯಿತು. ಹದಿನೈದು ದಿನ ಬಿಟ್ಟು ಸರ್ ಕರೆ ಮಾಡಿ, ಕೆಡಿಸಿದವಳೇ ಸರಿ ಮಾಡಬೇಕು, ಮುಂದಿನ ಹಂಗಾಮಿಗೂ ನೀನೇ ಹೋಗು, ಈ ಸಲ ಬುಟ್ಟಿ ಬಿಟ್ಟು ಗುಂಪನ್ನು ಎಣಿಸು ಎಂದರು. ಅಪ್ಪ ಇನ್ನೊಂದು ವರ್ಷ ಕೊಟ್ಟರು. ಕೊಡದಿದ್ದರೂ ನಾನು ತೆಗೆದುಕೊಳ್ಳುತ್ತಿದ್ದೆ, ಅಷ್ಟು ಹೊತ್ತಿಗೆ ಈ ಕಸುಬು ನನ್ನದು ಎಂಬುದರಲ್ಲಿ ನನಗೆ ಅನುಮಾನ ಉಳಿದಿರಲಿಲ್ಲ. ಅಂಕಿ ಎಲ್ಲರೂ ಬರೆದುಕೊಳ್ಳುತ್ತಾರೆ. ಆ ಅಂಕಿ ಯಾರದು ಎಂದು ಕೇಳಲು ನಾನು ಕಲಿತಿದ್ದೆ. ಮುಂದೆ ಸಿಕ್ಕ ಕೆಲಸ, ಪದವಿ, ಹೆಸರು ಎಲ್ಲ ಬಂದದ್ದು ಆ ಒಂದು ಪ್ರಶ್ನೆಯ ಬೆನ್ನು ಹಿಡಿದೇ.

ಅದೆಲ್ಲ ಆಮೇಲಿನ ಮಾತು. ಹಾವೇರಿಯಲ್ಲಿ ಸರ್ ಎದ್ದು ಹೋದ ಮರುದಿನವೇ ನಾನು ಬ್ಯಾಡಗಿಗೆ ಹೋದೆ. ಯುಗಾದಿಗೆ ನಾಲ್ಕು ದಿನ ಇತ್ತು. ಸಾಹುಕಾರರು ಲೆಕ್ಕದ ಮೇಜಿನ ಹಿಂದೆ ಕುಳಿತು ಪಟ್ಟಿ ತಂದಿರೇನು ಎಂದು ಕೇಳಿದರು. ಇಲ್ಲ, ಕೊಡುವುದೂ ಇಲ್ಲ ಎಂದೆ.

“ಮಾತು ಕೊಟ್ಟಿದ್ರಿ” ಎಂದರು.

“ಕೊಟ್ಟಿದ್ದು ನನ್ನ ತಪ್ಪರಿ ಸಾಹುಕಾರ್ರ. ಯಾರ ಹೆಸರೂ ಹೊರಗ ಹಾಕಂಗಿಲ್ಲ ಅಂತ ಅವರಿಗೂ ಮಾತು ಕೊಟ್ಟೇನಿ. ಎರಡೂ ನಡಸಾಕ ಆಗಂಗಿಲ್ಲ. ಒಂದು ಮಾತ್ರ ಹೇಳ್ತೇನಿ, ಆ ಹದಿನಾಲ್ಕು ಮಂದಿ ಕೂಡಿ ಮಾಡಿದಷ್ಟು ಕೆಲಸ ನಿಮ್ಮ ಗೋದಾಮಿನ್ಯಾಗ ಬ್ಯಾರೆ ಯಾವ ಗುಂಪೂ ಮಾಡಿಲ್ಲ. ಅದರಾಗ ಒಬ್ಬರನ್ನ ತಗದ್ರ ಉಳದವರದು ಹೆಂಗಾಕೈತೋ ನನಗ ಗೊತ್ತಿಲ್ಲ.”

ಅದು ನಿಜವೇ ಆಗಿತ್ತು, ಗುಮಾಸ್ತನ ಪುಸ್ತಕದಿಂದ ಬರೆದುಕೊಂಡಿದ್ದ ಎಲ್ಲ ಗುಂಪುಗಳ ಮೊತ್ತವನ್ನು ಹಿಂದಿನ ರಾತ್ರಿ ಕೂಡಿ ನೋಡಿದ್ದೆ. ಸಾಹುಕಾರರು ನನ್ನನ್ನೇ ನೋಡಿದರು. ಪಟ್ಟಿಯಲ್ಲಿ ಸಿಗಬೇಕಾದದ್ದು ಅವರಿಗೆ ನನ್ನ ಮುಖದಲ್ಲೇ ಸಿಕ್ಕಿತೋ ಏನೋ, ಹೂಂ ಎಂದು ಬೇರೆ ಕಡೆ ತಿರುಗಿದರು. ಚಹಾ ತರಿಸಲಿಲ್ಲ. ಯಂತ್ರ ಬಂತು, ಬೇರೆ ಮೂಲೆಗಳ ಕೆಲವರು ಕೆಲಸ ಕಳೆದುಕೊಂಡರು, ಆ ಹದಿನಾಲ್ಕು ಜನರನ್ನು ಅವರು ಬಿಡಿಸಲಿಲ್ಲ. ಅದಕ್ಕೆ ನನ್ನ ಮಾತು ಕಾರಣವೋ, ಅವರ ಹಳೆಯ ವ್ಯಾಪಾರದ ಬುದ್ಧಿ ಕಾರಣವೋ, ನಾನು ಹಕ್ಕು ಸಾಧಿಸಲಾರೆ.

ಆ ಸಂಜೆ ಹೇಳಿ ಹೋಗೋಣ ಎಂದು ಕಂಬದ ಹತ್ತಿರ ಹೋದೆ. ಗಂಗವ್ವ ಒಬ್ಬಳೇ ಇದ್ದಳು, ಉಳಿದವರು ತಮ್ಮ ಬುಟ್ಟಿ ಸಮೇತ ಒಳಗಿನ ಹೊಸ ರಾಶಿಯ ಹತ್ತಿರ ಹೋಗಿ ಕುಳಿತಿದ್ದರು. ಅವಳ ಬುಟ್ಟಿ ಅರ್ಧವೂ ತುಂಬಿರಲಿಲ್ಲ. ನನ್ನ ಬಗ್ಗೆ ಏನು ಬರೆದಿ ಎಂದು ಕೇಳಿದಳು. ನಿನ್ನ ಕೈ ಗಟ್ಟಿ ಇದೆ ಎಂದು ಬರೆದಿದ್ದೇನೆ ಯವ್ವಾ ಎಂದೆ. ಗಂಗವ್ವ ಮೆಲ್ಲಗೆ ನಕ್ಕಳು.

“ಸುಳ್ಳ ಯಾಕ ಬರದಿ? ನಲವತ್ತು ವರ್ಷ ಆತು ಬುಟ್ಟಿ ಎತ್ತಾಕ ಹತ್ತಿ. ನಾ ಮಾಡಿದ್ದೆಷ್ಟು, ಎತ್ತೂದೆಷ್ಟು ಅಂತ ನನ್ನ ರಟ್ಟಿಗೆ ಗೊತ್ತಾಗಂಗಿಲ್ಲೇನು?” ಎಂದಳು. ಒಳಗಿನ ಬಾಗಿಲ ಕಡೆ ಒಮ್ಮೆ ನೋಡಿದಳು. “ನನಗ ಗೊತ್ತಿಲ್ಲ ಅಂತ ತಿಳಕೊಂಡಾರ ಆ ಹುಡುಗ್ಯಾರು. ಗೊತ್ತೈತಿ ಅಂದ್ರ ನಾ ಎದ್ದು ಮನಿಗೆ ಹೋಗಬೇಕಾಕ್ಕೈತಿ. ನೀ ಅವರಿಗೆ ಹೇಳಬ್ಯಾಡ.”

ಹೇಳುವುದಿಲ್ಲ ಎಂದೆ. ಒಳಗಿನಿಂದ ರೇಣುಕಾ ಮತ್ತು ಉಳಿದವರು ಬುಟ್ಟಿ ಹೊತ್ತು ಬರುವುದು ಕಾಣಿಸಿತು, ತೂಕದ ಹೊತ್ತು ಹತ್ತಿರವಾಗಿತ್ತು. ಗಂಗವ್ವ ಕಂಬ ಹಿಡಿದು ಎದ್ದಳು. ಬುಟ್ಟಿಯನ್ನು ಅವರು ಬರುವ ದಾರಿಗೆ ಕಾಲಿನಿಂದ ಸ್ವಲ್ಪ ಸರಿಸಿಟ್ಟು, ಬಾಯಾರಿಕೆ ಆಗಿದೆ ಎನ್ನುತ್ತ, ಹಿಂದೆ ತಿರುಗಿ ನೋಡದೆ ನಲ್ಲಿಯ ಕಡೆಗೆ ಹೋದಳು.